ಬಣ್ಣ ನೋಡಿ ಬ್ರೆಡ್ ಕೊಳ್ಳಬೇಡಿ
ತುಂಗಭದ್ರೆಯ ಕಾಲುವೆ ನೀರು ಹರಿದ ಮೇಲೆ ಸಿರುಗುಪ್ಪ, ಕುರುಗೋಡಿನ ಸೀಮೆಯಲ್ಲಿ ಭತ್ತ ಹೆಚ್ಚಿತು, ಜೋಳದ ರೊಟ್ಟಿ ಇದ್ದ ತಟ್ಟೆಗೆ ಅನ್ನ ಬಂತು. ಈಗ ಸಕ್ಕರೆ ಕಾಯಿಲೆಗೆ ಅಂಜಿ ಅನ್ನ ಬಿಟ್ಟವರು ಬಳ್ಳಾರಿಯ ಬೇಕರಿಗಳಲ್ಲಿ ಬ್ರೌನ್ ಬ್ರೆಡ್ ಕೇಳುತ್ತಾರೆ. ಆ ಕಂದು ಬಣ್ಣ ಸುಟ್ಟ ಸಕ್ಕರೆಯ, ಅಂದರೆ ಕ್ಯಾರಮೆಲ್‌ನದೂ ಇರಬಹುದು. ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿ ಓದಿ. ಹೆಚ್ಚು ತೂಕದ್ದು ಮೊದಲಿರುತ್ತದೆ. ಮೊದಲ ಹೆಸರು ಮೈದಾ ಆಗಿದ್ದರೆ ಅಲ್ಲೇ ಬಿಟ್ಟು ಬನ್ನಿ, ಹಳೆಯ ಜೋಳದ ರೊಟ್ಟಿಗೆ ಮರಳಿ. 100 ಗ್ರಾಂ ಜೋಳದಲ್ಲಿ ನಾರಿನಂಶ ಸುಮಾರು 10 ಗ್ರಾಂ, ಮೈದಾದಲ್ಲಿ 3 ಗ್ರಾಂಗೂ ಕಡಿಮೆ. ಆದರೆ ಜೋಳದಲ್ಲೂ ಕಾರ್ಬೋಹೈಡ್ರೇಟ್ ಸುಮಾರು 68 ಗ್ರಾಂ ಇದೆ. ಹಾಗಾಗಿ ರೊಟ್ಟಿ ಒಂದೆರಡಕ್ಕೆ ನಿಲ್ಲಲಿ. ಪುಂಡಿಪಲ್ಯ, ಹೆಸರುಕಾಳು, ಮೊಸರು ಧಾರಾಳವಾಗಿರಲಿ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಅಳತೆಯನ್ನು ವೈದ್ಯರನ್ನು ಕೇಳಿಯೇ ಬದಲಿಸಲಿ.