ಗ್ರೀನ್ ಕಾರ್ಡು ರೈಲ್ವೆ ಪಾಸಲ್ಲ

ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಚಹಾದ ಹೊತ್ತಿಗೆ ಕಿವಿಗೆ ಬೀಳುವ ಪ್ರಶ್ನೆಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿವೆ. ಮೊದಲು 'ಸ್ವಂತ ಜಾಗ ಆಯಿತೆ?' ಎಂದು ಕೇಳುತ್ತಿದ್ದರು. ಆಮೇಲೆ 'ಮಗನಿಗೆ ಅಡ್ಮಿಷನ್ ಎಲ್ಲಿ ಸಿಕ್ಕಿತು?' ಎಂದಾಯಿತು. ಈಗ ಅರುವತ್ತು ದಾಟಿದ ದಂಪತಿಗಳು ಎದುರಾದರೆ, 'ನಿಮ್ಮ ಗ್ರೀನ್ ಕಾರ್ಡು ಬಂತೆ?' ಬಂದಿದೆ ಎನ್ನುವವರ ಮುಖದಲ್ಲಿ ಒಂದು ಕಳೆ; ಇಲ್ಲವೆನ್ನುವವರು ಮಗನ ಪರವಾಗಿ ಏನಾದರೊಂದು ಸಮಜಾಯಿಷಿ ಕೊಡಬೇಕು. ಈ ಕಾರ್ಡನ್ನು ಎರಡು ವರ್ಷ ಕಿಸೆಯಲ್ಲಿಟ್ಟುಕೊಂಡು ತಿರುಗಿ, ಕೊನೆಗೆ ಹಿಂದಕ್ಕೆ ಕೊಟ್ಟವನು ನಾನು. ಆದುದರಿಂದ ನಿಷ್ಠುರವಾದರೂ ಹೇಳುತ್ತೇನೆ: ಅಮೇರಿಕದಲ್ಲಿಯೇ ಹೋಗಿ ನೆಲೆಸುವ ನಿರ್ಧಾರವಿಲ್ಲದ ನಿವೃತ್ತರು ಈ ಕಾರ್ಡು ಮಾಡಿಸಿಕೊಳ್ಳಬಾರದು, ಮಾಡಿಸಿಕೊಳ್ಳಿರೆಂದು ಮಕ್ಕಳು ಒತ್ತಾಯಿಸಲೂ ಬಾರದು.

ಇದು ಶುರುವಾಗುವುದು ಹೀಗೆ. ಮಗ ಅಲ್ಲಿಯ ಪ್ರಜೆಯಾಗುತ್ತಾನೆ. ಅಣ್ಣತಮ್ಮಂದಿರನ್ನು ಕರೆಸಿಕೊಳ್ಳಬೇಕಾದರೆ ಹದಿನೈದು ವರ್ಷಕ್ಕೂ ಮಿಕ್ಕಿದ ಸರದಿ. ತಂದೆತಾಯಿಗಳಿಗೆ ಮಾತ್ರ ಸಂಖ್ಯೆಯ ಮಿತಿಯಿಲ್ಲ. ಒಂದು ದಿನ ಫೋನು ಬರುತ್ತದೆ: 'ಅಪ್ಪಾ, ಪ್ರತಿಸಲ ಆ ಡಿಎಸ್-160 ಫಾರ್ಮು, ಬೆರಳಚ್ಚಿಗೆ ಒಂದು ದಿನ, ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ ಸಂದರ್ಶನಕ್ಕೆ ಇನ್ನೊಂದು ದಿನ ಯಾಕೆ? ಒಮ್ಮೆ ಕಾರ್ಡು ಆಗಿಬಿಟ್ಟರೆ ಬೇಕೆಂದಾಗ ಬನ್ನಿ, ಬೇಕೆಂದಾಗ ಹೋಗಿ.' ರಗಳೆ ಇರುವುದು ಸುಳ್ಳಲ್ಲ. ಎಂಬತ್ತು ತುಂಬಿದವರಿಗೆ ಇದ್ದ ಸಂದರ್ಶನದ ವಿನಾಯಿತಿಯನ್ನೂ 2025ರ ಸೆಪ್ಟೆಂಬರಿನಿಂದ ತೆಗೆದುಹಾಕಿದ್ದಾರೆ. ಆದರೆ ಸಂದರ್ಶಕರ ವೀಸಾ ಸಾಮಾನ್ಯವಾಗಿ ಹತ್ತು ವರ್ಷದ್ದು. ಹತ್ತು ವರ್ಷಕ್ಕೊಮ್ಮೆ ಬರುವ ಎರಡು ದಿನದ ರಗಳೆಯನ್ನು ತಪ್ಪಿಸಲು ಉಳಿದ ಆಯುಷ್ಯವನ್ನೆಲ್ಲ ರಗಳೆಗೆ ಒಪ್ಪಿಸುತ್ತೇವೆಂಬುದು ಆಗ ಹೊಳೆಯುವುದಿಲ್ಲ.

ಕಾಗದಪತ್ರದ ಕತೆಯನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಹಿರಿಯರು ಮುಂಬಯಿಗೆ ಬಂದಾಗ ಅವರ ಕೈಯಲ್ಲಿದ್ದದ್ದು ಯಾವುದೋ ಹೋಟೇಲಿನ ವಿಳಾಸ ಬರೆದ ಚೀಟಿ. ನಮಗೆ ಬೇಕಾದದ್ದು ಮೊದಲಿಗೆ ಜನನ ಪ್ರಮಾಣಪತ್ರ. ಜನನ-ಮರಣ ನೋಂದಣಿಯ ಕಾಯದೆ ಬಂದದ್ದೇ 1969ರಲ್ಲಿ. ನಾವು ಹುಟ್ಟಿದ್ದು ಅದಕ್ಕಿಂತ ಬಹಳ ಮೊದಲು, ಶಿರಸಿಯ ಕಡೆಯ ಅಜ್ಜಿಯ ಮನೆಯ ಕತ್ತಲ ಕೋಣೆಯಲ್ಲಿ. ಶಾಲೆಯ ದಾಖಲೆಯಲ್ಲಿ ನನ್ನ ಜನ್ಮದಿನ ಜೂನ್ 1. ನನ್ನ ತರಗತಿಯ ಅರ್ಧಕ್ಕರ್ಧ ಹುಡುಗರದೂ ಅದೇ. ಮಾಸ್ತರರು ದಯಪಾಲಿಸಿದ ತಾರೀಕು. ಜಾತಕದ ಪ್ರಕಾರ ನಾನು ಕಾರ್ತಿಕ ಮಾಸದವನು. ಪ್ರಮಾಣಪತ್ರ ಇಲ್ಲವೆಂದರೆ 'ದಾಖಲೆ ಲಭ್ಯವಿಲ್ಲ' ಎಂಬುದಕ್ಕೆ ಇನ್ನೊಂದು ಪ್ರಮಾಣಪತ್ರ ತರಬೇಕು. ಅದರ ಜೊತೆಗೆ ನನ್ನ ಹುಟ್ಟನ್ನು ಬಲ್ಲ, ನನಗಿಂತ ಹಿರಿಯರಾದ ಬಂಧುಗಳ ಅಫಿಡವಿಟ್ ಬೇಕು. ಎಪ್ಪತ್ತು ದಾಟಿದವನ ಹುಟ್ಟನ್ನು ಬಲ್ಲವರು ಎಷ್ಟು ಜನ ಉಳಿದಿರುತ್ತಾರೆ? ಎಂಬತ್ತೆಂಟರ ಸೋದರತ್ತೆಯ ಮನೆಗೆ ನೋಟರಿಯನ್ನು ಕರೆದುಕೊಂಡು ಹೋದೆ. 'ನೀನು ಹುಟ್ಟಿದ್ದಕ್ಕೆ ಈಗ ಯಾರ ತಕರಾರು ಮಾರಾಯಾ?' ಎಂದು ಕೇಳುತ್ತಲೇ ಅವಳು ಹೆಬ್ಬೆಟ್ಟು ಒತ್ತಿದಳು.

ಹೆಂಡತಿಯದು ಇನ್ನೂ ದೊಡ್ಡ ಪ್ರಕರಣ. ಮದುವೆಯ ಮಂಟಪದಲ್ಲಿ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರು ಬರೆದಾಗ ಎಲ್ಲರೂ ಸಂತೋಷಪಟ್ಟಿದ್ದೆವು. ಶಾಲೆಯ ಸರ್ಟಿಫಿಕೇಟಿನಲ್ಲಿ ತವರಿನ ಹೆಸರು, ರೇಶನ್ ಕಾರ್ಡಿನಲ್ಲಿ ಮುಂಬಯಿ ಪದ್ಧತಿಯಂತೆ ನಡುವೆ ಗಂಡನ ಹೆಸರು, ಪಾಸ್‌ಪೋರ್ಟಿನಲ್ಲಿ ಮೂರನೆಯದು. ಮೂವರೂ ಒಬ್ಬಳೇ ಎಂದು ಸಾಧಿಸಲು ಚರ್ನಿ ರೋಡಿನ ಸರಕಾರಿ ಮುದ್ರಣಾಲಯದ ಗೆಝೆಟ್ಟಿನ ತನಕ ಓಡಾಡಿದ್ದಾಯಿತು. ಮಗ ತಂದೆಯನ್ನು ಕರೆಸಿಕೊಳ್ಳಬೇಕಾದರೆ ತಂದೆತಾಯಿಗಳ ವಿವಾಹ ಪ್ರಮಾಣಪತ್ರವೂ ಬೇಕು. ನೋಂದಣಿ ಆಗ ಯಾರು ಮಾಡಿಸುತ್ತಿದ್ದರು? ನಲವತ್ತಾರು ವರ್ಷ ಸಂಸಾರ ಮಾಡಿದ ಮೇಲೆ, ಹಳೆಯ ಲಗ್ನಪತ್ರಿಕೆ ಹಿಡಿದುಕೊಂಡು, ಸಾಕ್ಷಿದಾರರನ್ನು ಕಟ್ಟಿಕೊಂಡು, ಸಬ್-ರಜಿಸ್ಟ್ರಾರರ ಕಚೇರಿಯ ಬೆಂಚಿನ ಮೇಲೆ ಇಬ್ಬರೂ ವಧೂವರರಂತೆ ಕುಳಿತೆವು. ಆಮೇಲೆ ಪೋಲೀಸು ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ, ಈ ವಯಸ್ಸಿನಲ್ಲಿ ಚುಚ್ಚುಮದ್ದು.

ಇಷ್ಟಾದರೂ ಸಹಿಸಿಕೊಳ್ಳಬಹುದು. ಸಹಿಸಬಾರದ್ದು 'ಬೇಕೆಂದಾಗ ಬನ್ನಿ, ಬೇಕೆಂದಾಗ ಹೋಗಿ' ಎಂಬ ಮಾತು. ಮುಲುಂಡಿನಿಂದ ಸಿಎಸ್‌ಟಿಗೆ ಮೂರು ತಿಂಗಳ ಪಾಸು ತೆಗೆದವನು ದಿನವೂ ಹೋದನೇ, ಒಂದು ತಿಂಗಳು ಮನೆಯಲ್ಲಿ ಮಲಗಿದನೇ ಎಂದು ಯಾವ ಟಿಕೆಟ್ ತಪಾಸಣೆಯವನೂ ಕೇಳುವುದಿಲ್ಲ. ಗ್ರೀನ್ ಕಾರ್ಡು ಕೇಳುವುದು ಅದನ್ನೇ: ನಿನ್ನ ಮನೆ ಎಲ್ಲಿ? 180 ದಿನಕ್ಕಿಂತ ಹೆಚ್ಚು ಹೊರಗಿದ್ದು ಮರಳಿದರೆ ಹೊಸದಾಗಿ ಪ್ರವೇಶ ಬೇಡಿದವನಂತೆ ಪ್ರಶ್ನೆಗಳನ್ನು ಎದುರಿಸಬೇಕು. ಒಂದು ವರ್ಷ ಮೀರಿದರೆ ಆ ಕಾರ್ಡು ಪ್ರಯಾಣಕ್ಕೇ ನಡೆಯದು. ಮರುಪ್ರವೇಶದ ಪರವಾನಗಿ ಎಂಬುದೊಂದಿದೆ; ಹೆಚ್ಚೆಂದರೆ ಎರಡು ವರ್ಷದ್ದು, ಅದನ್ನೂ ಅಮೇರಿಕದ ನೆಲದಲ್ಲಿದ್ದಾಗಲೇ ಅರ್ಜಿ ಹಾಕಿ ಪಡೆಯಬೇಕು. ಐದೂವರೆ ತಿಂಗಳಿಗೊಮ್ಮೆ ಹೋಗಿ ಮೂರು ವಾರ ಇದ್ದು ಬರುತ್ತೇನೆಂಬ ಜಾಣತನವೂ ಸುರಕ್ಷಿತವಲ್ಲ. ವಾಸವೆಲ್ಲಿ, ಪ್ರವಾಸವೆಲ್ಲಿ ಎಂದು ಅಧಿಕಾರಿ ಕೇಳಬಹುದು. ಹೀಗಾಗಿ ಮಂಡಿನೋವಿನ ಮುದುಕ-ಮುದುಕಿಯರು ಇಪ್ಪತ್ತು ಗಂಟೆ ವಿಮಾನದಲ್ಲಿ ಕುಳಿತು ಹೋಗುವುದು ಮೊಮ್ಮಕ್ಕಳನ್ನು ನೋಡುವುದಕ್ಕಲ್ಲ, ಕಾರ್ಡನ್ನು ಬದುಕಿಸುವುದಕ್ಕೆ. ಕೊರೆಯುವ ಜನವರಿಯಲ್ಲಿ ನಾವು ಹಾಗೆ ಹೋದೆವು. ಮಗ-ಸೊಸೆಗೆ ಕೆಲಸ, ಮೊಮ್ಮಗಳಿಗೆ ಶಾಲೆ. ಕಿಟಕಿಯ ಹೊರಗಿನ ಹಿಮ ನೋಡುತ್ತ ನಾವಿಬ್ಬರೂ ದಿನ ಎಣಿಸಿದೆವು.

ಈಗಾಗಲೇ ಕಾರ್ಡು ಇರುವವರು ಒಂದು ವಿಷಯ ಬರೆದಿಟ್ಟುಕೊಳ್ಳಬೇಕು. ಐ-407 ಎಂಬ ಫಾರ್ಮಿಗೆ ಸಹಿ ಹಾಕಿದರೆ ಕಾರ್ಡನ್ನು ನೀವಾಗಿಯೇ ಬಿಟ್ಟುಕೊಟ್ಟಂತೆ. ವಿಮಾನ ನಿಲ್ದಾಣದಲ್ಲಿ ವಯಸ್ಸಾದ ಭಾರತೀಯರ ಮುಂದೆ ಈ ಫಾರ್ಮನ್ನು ಚಾಚಿ ಒತ್ತಡ ಹೇರಿದ ಸುದ್ದಿಗಳು 2025ರಲ್ಲಿ ಪತ್ರಿಕೆಗಳಲ್ಲಿ ಬಂದವು. ಸಹಿ ಮಾಡಲೇಬೇಕೆಂಬ ಕಾನೂನಿಲ್ಲ. 'ಸಹಿ ಮಾಡುವುದಿಲ್ಲ, ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಬೇಕು' ಎಂದು ಹೇಳುವ ಹಕ್ಕು ನಿಮಗಿದೆ. ಗಾಲಿಕುರ್ಚಿಯಲ್ಲಿ ಕುಳಿತ, ಇಂಗ್ಲಿಷು ತಡವರಿಸುವ ನಮ್ಮ ಅಕ್ಕ-ಅತ್ತಿಗೆಯರಿಗೆ ಇದನ್ನು ಯಾರು ಹೇಳಿಕೊಟ್ಟಿದ್ದಾರೆ? ಟಿಕೆಟು ಕಳಿಸುವ ಚಿರಂಜೀವಿಗಳಂತೂ ಹೇಳಿಲ್ಲ.

ಹಣದ ವಿಷಯದಲ್ಲಂತೂ ಪೂರ್ತಿ ಮೌನ. ಕಾರ್ಡು ಹಿಡಿದವನು ಅಮೇರಿಕದ ತೆರಿಗೆಯ ಲೆಕ್ಕದಲ್ಲಿ ಅಲ್ಲಿಯ ನಿವಾಸಿ. ಮುಲುಂಡಿನ ಬ್ಯಾಂಕಿನಲ್ಲಿಟ್ಟ ಠೇವಣಿಯ ಬಡ್ಡಿ, ಪೆನ್ಶನ್ನು, ಮನೆಬಾಡಿಗೆ ಎಲ್ಲವನ್ನೂ ಅಲ್ಲಿ ತೋರಿಸಬೇಕು. ಹೊರದೇಶದ ಖಾತೆಗಳೆಲ್ಲ ಸೇರಿ ವರ್ಷದ ಯಾವುದೇ ದಿನ 10,000 ಡಾಲರು ಮೀರಿದರೆ ಅದಕ್ಕೆ ಬೇರೆಯೇ ವರದಿ. ತಪ್ಪಿದರೆ ಭಾರಿ ದಂಡ. ಪ್ರಾವಿಡೆಂಟ್ ಫಂಡಿನ ಗಂಟು ಕೈಗೆ ಬಂದ ಯಾವ ಗುಮಾಸ್ತನ ಖಾತೆಯಲ್ಲಿ ಅಷ್ಟಿಲ್ಲ? ಇತ್ತ ಇಲ್ಲಿ ಅನಿವಾಸಿ ಎಂದಾದರೆ ಉಳಿತಾಯ ಖಾತೆಯನ್ನು ಎನ್ಆರ್‌ಒ ಮಾಡಿಸಬೇಕು, ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹೊಸ ಖಾತೆ ತೆರೆಯುವಂತಿಲ್ಲ, ಪಿಪಿಎಫ್ ಅವಧಿ ಮುಗಿದ ಮೇಲೆ ಮುಂದುವರಿಸುವಂತಿಲ್ಲ. ಅಲ್ಲಿ ದುಡಿದಿರದ ವೃದ್ಧರಿಗೆ ಮೆಡಿಕೇರ್ ಬಾಗಿಲು ತೆರೆಯುವುದು ಐದು ವರ್ಷದ ಸತತ ವಾಸದ ನಂತರ, ಅದೂ ಹಣ ಕಟ್ಟಿದರೆ.

ಡೊಂಬಿವಲಿಯಲ್ಲಿ ನಮಗೆ ಬೇಕಾದ ಒಬ್ಬ ತಾಯಿಯಿದ್ದರು. ಕಾರ್ಡು ಬಂತೆಂದು ಮಗನ ಮಾತಿನಂತೆ ಜಾಗ ಮಾರಿದರು. ಹದಿನಾಲ್ಕು ತಿಂಗಳಿಗೆ ಮರಳಿ ಬಂದರು. ಮಗ ಕೆಟ್ಟವನಲ್ಲ, ಸೊಸೆಯೂ ಅಲ್ಲ. ಕಾರು ಓಡಿಸಲು ಬಾರದವರಿಗೆ ಆ ಊರಿನಲ್ಲಿ ಕಾಲೇ ಇಲ್ಲ, ಅಷ್ಟೆ. ಮಾರಿದ ಬೆಲೆಗೆ ಈಗ ಅದೇ ಬಿಲ್ಡಿಂಗಿನಲ್ಲಿ ಒಂದು ಕೋಣೆಯೂ ಸಿಗದು. ತಂಗಿಯ ಮನೆಯ ಹಾಲಿನಲ್ಲಿ ಮಲಗುತ್ತಾರೆ. ಇಳಿವಯಸ್ಸಿನಲ್ಲಿ ಮತ್ತೆ ಪೇಯಿಂಗ್ ಗೆಸ್ಟ್.

'ಹಾಗಾದರೆ ಒಂಟಿ ಮುದುಕಿ ಬೋರಿವಲಿಯ ಬಚ್ಚಲಲ್ಲಿ ಜಾರಿಬಿದ್ದರೆ ನೋಡುವವರು ಯಾರು?' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅಲ್ಲಿಯೇ ಬಾಳಲು ಹೊರಟವರು ಖಂಡಿತ ಹೋಗಲಿ, ಲೆಕ್ಕವೆಲ್ಲ ಮೊದಲೇ ಮಾಡಿಕೊಂಡು ಹೋಗಲಿ. ನನ್ನ ಜಗಳವಿರುವುದು ಎರಡು ದೋಣಿಯಲ್ಲಿ ಕಾಲಿಡುವವರ ಜೊತೆ, ಇಡಿಸುವವರ ಜೊತೆ. ಅರ್ಜಿ ಹಾಕಿಟ್ಟಿರೋಣ, ಆಮೇಲೆ ನೋಡೋಣ ಎಂಬುದೂ ಸಲ್ಲದು. ಸಂದರ್ಶಕ ವೀಸಾ ಕೇಳುವ ಪ್ರತಿಯೊಬ್ಬನೂ ನೆಲೆಸಲು ಬಂದವನೇ ಎಂದು ಭಾವಿಸುವುದು ಅಲ್ಲಿಯ ಕಾನೂನು. ವಲಸೆಯ ಅರ್ಜಿ ಕಡತದಲ್ಲಿದ್ದರೆ ಆ ಭಾವನೆಗೆ ನಾವೇ ಸಾಕ್ಷಿ ಒದಗಿಸಿದಂತೆ. ಕೆನಡಾದವರ ಸೂಪರ್ ವೀಸಾದಲ್ಲಿ 2022ರ ಜುಲೈಯಿಂದ ತಂದೆತಾಯಿಗಳು ಒಂದು ಸಲ ಹೋದರೆ ಐದು ವರ್ಷ ಇರಬಹುದು. ಮಗನ ಆದಾಯದ ಪುರಾವೆ, ಒಂದು ಲಕ್ಷ ಡಾಲರಿನ ವೈದ್ಯಕೀಯ ವಿಮೆ ಬೇಕು. ಪ್ರವಾಸಿಯೂ ಅಲ್ಲದ, ವಲಸಿಗನೂ ಅಲ್ಲದ ಅಪ್ಪ-ಅಮ್ಮ ಎಂಬ ಪ್ರಾಣಿ ಇದೆಯೆಂದು ಆ ಸರಕಾರ ಒಪ್ಪಿದೆ. ಅಮೇರಿಕದ ಕಾನೂನಿನಲ್ಲಿ ಅಂಥ ಖಾನೆ ಇಲ್ಲ. ಅದು ನಮ್ಮ ಕೈಯಲ್ಲಿಲ್ಲ.

ನಮ್ಮ ಮಕ್ಕಳ ಕೈಯಲ್ಲಿ ಇರುವುದು ಬೇರೆ. ಅವರ ಹತ್ತಿರ ಭಾರತ ಸರಕಾರ ಕೊಟ್ಟ ಓಸಿಐ ಕಾರ್ಡು ಇದೆ. ಅದು ಜೀವಾವಧಿಯದು, ಆರು ತಿಂಗಳ ಲೆಕ್ಕವಿಲ್ಲ, ಪ್ರತಿಸಲ ಸಂದರ್ಶನವಿಲ್ಲ, ಇಲ್ಲಿ ಎಷ್ಟು ದಿನವಾದರೂ ಇರಬಹುದು. 'ಬೇಕೆಂದಾಗ ಬನ್ನಿ, ಬೇಕೆಂದಾಗ ಹೋಗಿ' ಎಂಬ ಮಾತು ಅಕ್ಷರಶಃ ಒಪ್ಪುವುದು ಆ ಕಾರ್ಡಿಗೆ. ಪಾಸು ಅವರ ಕಿಸೆಯಲ್ಲಿದೆ, ಗಾಡಿ ಹತ್ತಬೇಕಾದವರು ಮಾತ್ರ ನಾವು! ರಜೆ ಕಡಿಮೆ ಎನ್ನುತ್ತಾರೆ. ಎರಡು ವಾರವಾದರೂ ಸಿಗುತ್ತದಷ್ಟೆ. ಆ ಎರಡು ವಾರ ಹವಾಯಿ, ಮೆಕ್ಸಿಕೋ ಎಂದು ಹೋಗುವುದನ್ನು ನಾವು ಫೋಟೋಗಳಲ್ಲಿ ನೋಡಿದ್ದೇವೆ.

ನಾವಿಬ್ಬರೂ ಐ-407ಕ್ಕೆ ಸಹಿ ಹಾಕಿದ್ದು ಯಾವ ಅಧಿಕಾರಿಯ ಒತ್ತಡದಿಂದಲೂ ಅಲ್ಲ. ಮುಲುಂಡಿನ ನಮ್ಮ ಊಟದ ಮೇಜಿನ ಮೇಲೆ ಭರ್ತಿ ಮಾಡಿ ಕಾರ್ಡಿನ ಜೊತೆ ಅಂಚೆಗೆ ಹಾಕಿದೆವು. ಮಗ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಆಮೇಲೆ 185 ಡಾಲರು ಶುಲ್ಕ ತಲಾ ಕಟ್ಟಿ ಸಂದರ್ಶಕ ವೀಸಾ ಕೇಳಿದೆವು, ಸಿಕ್ಕಿತು. ಮುಂದಿನ ಮೇ ತಿಂಗಳಲ್ಲಿ, ಮೊಮ್ಮಗಳ ಶಾಲೆಗೆ ಬೇಸಗೆ ರಜೆ ಹತ್ತಿರವಾಗುವಾಗ ಹೊರಡುತ್ತೇವೆ.

ಈ ಓಡಾಟದಲ್ಲಿ ಸಂಗ್ರಹವಾದ ಫಾರ್ಮು, ಅಫಿಡವಿಟ್ಟಿನ ಮಾದರಿ, ಗೆಝೆಟ್ಟಿನ ಅರ್ಜಿ ಎಲ್ಲವೂ ಒಂದು ಚೀಲದಲ್ಲಿವೆ. ಪದಾಧಿಕಾರಿಗಳು ಒಪ್ಪಿದ್ದಾರೆ, ಪ್ರತಿ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಘದ ವಾಚನಾಲಯದಲ್ಲಿ ಕುಳಿತಿರುತ್ತೇನೆ. ಬರುವವರು ಪಾಸ್‌ಪೋರ್ಟು, ಲಗ್ನಪತ್ರಿಕೆ ಇದ್ದರೆ ಲಗ್ನಪತ್ರಿಕೆ, ಶಾಲೆಯ ಸರ್ಟಿಫಿಕೇಟು ತರಬೇಕು. ಅದರಲ್ಲಿ ಜೂನ್ 1 ಎಂದಿದ್ದರೂ ಸಂಕೋಚ ಬೇಡ.