ಪ್ರವೇಶಪರೀಕ್ಷೆಯನ್ನು ಮತ್ತೊಮ್ಮೆ ಬರೆಯಬಾರದೇಕೆ?

ವರ್ಷವರ್ಷವೂ ಸಿ.ಇ.ಟಿ. ಫಲಿತಾಂಶ ಹೊರಬಿದ್ದ ಕೂಡಲೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯ ಅನೇಕ ಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: “ನಮ್ಮ ಹುಡುಗನಿಗೆ ವಿಜ್ಞಾನ ಒಗ್ಗಲಿಲ್ಲ.” ಪ್ರಯೋಗಶಾಲೆಯಲ್ಲಿ ಒಂದು ಚಿಟಿಕೆ ಉಪ್ಪನ್ನು ತೂಗುವಾಗಲೂ ಒಮ್ಮೆ ಬಂದ ತೂಕವನ್ನು ನಂಬದೆ ಮತ್ತೆ ತೂಗಿ ನೋಡುತ್ತೇವೆ. ಹದಿನೆಂಟರ ಹರೆಯದ ವಿದ್ಯಾರ್ಥಿಯ ವಿಷಯದಲ್ಲಿ ಮಾತ್ರ ತಲಾ 80 ನಿಮಿಷಗಳ ಕೆಲವು ಪತ್ರಿಕೆಗಳ ತೀರ್ಪನ್ನು ಕಡೆಯದೆಂದು ಒಪ್ಪಿಕೊಳ್ಳುವುದು ನಮಗೆ ಸರಿದೋರುವುದಿಲ್ಲ.

ಈ ತಾಲೂಕುಗಳ ಸ್ಥಿತಿಯನ್ನು ಸ್ವಲ್ಪ ವಿಚಾರಿಸಿ ನೋಡೋಣ. ಜೋಯಿಡಾದ ಕಾಡಿನೊಳಗೆ ಚದುರಿದ ಕುಣಬಿಯರ ಮನೆಗಳಲ್ಲಾಗಲಿ, ಹಳಿಯಾಳ ಮುಂಡಗೋಡಗಳ ಸಿದ್ದಿಯರ ಹಾಡಿಗಳಲ್ಲಾಗಲಿ ಮಕ್ಕಳು ಆಡುವುದು ಕೊಂಕಣಿ. ಹಳಿಯಾಳದ ಎಷ್ಟೋ ಹಳ್ಳಿಗಳಲ್ಲಿ ಮರಾಠಿ. ಅನೇಕರಿಗೆ ಶಾಲೆಯಲ್ಲಿ ಕನ್ನಡ. ಪಿ.ಯು. ವಿಜ್ಞಾನಕ್ಕೆ ಬಂದೊಡನೆ ಇಂಗ್ಲಿಷು! ಮೂರನೆಯ ಭಾಷೆ ನಾಲಗೆಗೆ ಹೊಂದುವಷ್ಟರಲ್ಲಿ ಪರೀಕ್ಷೆ ಎದುರಿಗೆ ನಿಂತಿರುತ್ತದೆ. ಇಂಥವರ ಮೊದಲ ಅಂಕಗಳು ಅಳೆಯುವುದು ಭೌತಶಾಸ್ತ್ರದ ತಿಳಿವಳಿಕೆಯನ್ನಷ್ಟೇ ಅಲ್ಲವೆಂಬುದು ಸ್ಪಷ್ಟ.

ಪರೀಕ್ಷೆಯು ಅಳತೆಗೋಲು ಮಾತ್ರವಲ್ಲ, ಕಲಿಕೆಯ ಸಾಧನವೂ ಹೌದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. ಒಂದು ಗುಂಪು ಗದ್ಯಪಾಠವೊಂದನ್ನು ನಾಲ್ಕು ಅವಧಿಗಳಲ್ಲಿಯೂ ಓದಿತು. ಇನ್ನೊಂದು ಗುಂಪು ಒಂದು ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ಪುಸ್ತಕ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷಗಳ ತರುವಾಯ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲಾದರೋ, ಓದಿದವರಿಗೆ ಪಾಠದ ನೂರಕ್ಕೆ 40 ಭಾಗವೂ ಬರೆದವರಿಗೆ 61 ಭಾಗವೂ ನೆನಪಿನಲ್ಲಿ ಉಳಿದಿತ್ತು. ನೆನಪನ್ನು ಹೊರಗೆಳೆಯುವ ಶ್ರಮವೇ ಅದನ್ನು ಗಟ್ಟಿಗೊಳಿಸುತ್ತದೆಂದಾಯಿತು. ಹೀಗಿರಲು, ಪರೀಕ್ಷೆಯನ್ನು ಒಮ್ಮೆ ಬರೆದು ಎಡವಿದವನು ಬರೆಯದವನಿಗಿಂತ ಹಿಂದೆ ಬಿದ್ದವನೆಂದು ಹೇಗೆ ಹೇಳುವುದು?

ನಿಯಮಗಳೂ ಬಹುಮಟ್ಟಿಗೆ ಅನುಕೂಲವಾಗಿಯೇ ಇವೆ. ಸಿ.ಇ.ಟಿ.ಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಭಾಗ ಸಿ.ಇ.ಟಿ., ಅರ್ಧ ಭಾಗ ಪಿ.ಯು. ಅಂಕ. 2024ರಿಂದ ದ್ವಿತೀಯ ಪಿ.ಯು. ಪರೀಕ್ಷೆಯೇ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ನಡೆಯತೊಡಗಿ, ಹೆಚ್ಚಿನ ಅಂಕವನ್ನು ಉಳಿಸಿಕೊಳ್ಳುವ ಅವಕಾಶ ಬಂದಿತು. ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೂ ಕನ್ನಡ ಮಾಧ್ಯಮದವರಿಗೂ ಇರುವ ಮೀಸಲಾತಿ ಎರಡನೆಯ ಯತ್ನದಲ್ಲಿ ಕಳೆದುಹೋಗುವುದಿಲ್ಲ. ಆದರೂ ಆ ವರ್ಷದ ನಿಯಮವನ್ನು ಮೊದಲು ಓದಿಕೊಳ್ಳಬೇಕು. ಕೋವಿಡ್ ಪಿಡುಗಿನ ದೆಸೆಯಿಂದ 2021ರಲ್ಲಿ ಪರೀಕ್ಷೆಯಿಲ್ಲದೆ ಪಿ.ಯು. ತೇರ್ಗಡೆಯಾದವರು 2022ರಲ್ಲಿ ಸಿ.ಇ.ಟಿ.ಯನ್ನು ಮತ್ತೆ ಬರೆದಾಗ ಅವರ ಪಿ.ಯು. ಅಂಕಗಳನ್ನು ಮೊದಲು ಗಣಿಸಲೇ ಇಲ್ಲ. ಸುಮಾರು 24,000 ಮಂದಿಯ ಆ ಪ್ರಶ್ನೆ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ, ಅಂಕಗಳನ್ನು ಕೊಂಚ ತಗ್ಗಿಸಿ ಪರಿಗಣಿಸುವುದೆಂದು ಇತ್ಯರ್ಥವಾಯಿತು.

ವೈದ್ಯಕೀಯದ ನೀಟ್ ಬೇರೆ ಬಗೆಯದು. ಅಲ್ಲಿ ಸರಿಯುತ್ತರಕ್ಕೆ 4 ಅಂಕ ಬಂದರೆ ತಪ್ಪಿಗೆ 1 ಹೋಗುತ್ತದೆ. ಊಹೆಯ ಆಟ ನಡೆಯದು. ಅದರ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿಯೂ ಪಡೆಯಬಹುದೆಂಬುದನ್ನು ಕನ್ನಡ ಮಾಧ್ಯಮದವರು ಗಮನಿಸಬೇಕು.

ಮರುಪರೀಕ್ಷೆಯೆಂದರೆ ಹುಬ್ಬಳ್ಳಿ ಧಾರವಾಡಗಳಲ್ಲಿ ಕೊಠಡಿ ಹಿಡಿದು, ಸಾಲ ಮಾಡಿ ಶುಲ್ಕ ತೆರುವುದೆಂಬ ಭಾವನೆ ಬಲವಾಗಿದೆ. ನಾವು ಅದನ್ನು ಒಪ್ಪೆವು. ಮೂರು ನಾಲ್ಕು ವರ್ಷ ಇದನ್ನೇ ಹಿಡಿದು ಕೂರಿರೆಂದೂ ನಾವು ಹೇಳುತ್ತಿಲ್ಲ. ನಮ್ಮ ಮಾತು ಇನ್ನೊಂದು ಯತ್ನಕ್ಕೆ ಮಾತ್ರ. ಸಮೀಪದಲ್ಲಿ ಬಿ.ಎಸ್ಸಿ.ಗೆ ಸೇರಿ ಓದುತ್ತಲೇ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರವಿಟ್ಟು ಬಿಡಿಸಬಹುದು. ಹಳಿಯಾಳದಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿದೆ. ಗುರಿ ಅಷ್ಟೇನೂ ದೂರದ್ದಲ್ಲ. ಮಗನಿಗೆ ಕೊಡಲು ಒಪ್ಪುವ ಆ ಒಂದು ವರ್ಷವನ್ನು ಮಗಳಿಗೆ ಕೊಡಲು ಹಿಂದೆಮುಂದೆ ನೋಡುವ ತಂದೆತಾಯಿಗಳಿದ್ದಾರೆ. ಅವರು ಈ ಬಾರಿಯ ಅರ್ಜಿಯ ಕಡೆಯ ದಿನ ಕಳೆಯುವ ಮುನ್ನ ಮಗಳನ್ನು ಒಮ್ಮೆ ಕೇಳಿ ನೋಡಲಿ.