ಹೊನ್ನೆಯ ಲೋಟದ ನೀಲಿ ನೀರು



ಬಸ್ತಿಹಳ್ಳಿಯ ಬಸದಿಗಳನ್ನು ಮಕ್ಕಳಿಗೆ ತೋರಿಸಲು ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೂ ಬಂದಿದ್ದ. ಚೀಲದಿಂದ ಹೊನ್ನೆ ಮರದ ಲೋಟವೊಂದನ್ನು ತೆಗೆದು, "ಸಾರ್, ಇದರ ನೀರು ಕುಡಿಯತೊಡಗಿ ಸಕ್ಕರೆಯ ಮಾತ್ರೆ ಬಿಟ್ಟೆ" ಎಂದ. ರಕ್ತ ಪರೀಕ್ಷೆ ಮಾಡಿಸಿದೆಯೇನಯ್ಯಾ ಎಂದರೆ ಉತ್ತರವಿಲ್ಲ; ನೀರು ನೀಲಿಯಾಗುತ್ತದೆ, ಅದೇ ಸಾಕ್ಷಿಯಂತೆ!

ವಿಜ್ಞಾನ ಕಲಿಸಿದ ನನಗೆ ನಾಚಿಕೆಯಾಯಿತು. ಆ ನೀಲಿ ಬೆಳಕಿನ ಆಟ, ಪ್ರತಿದೀಪ್ತಿ. 1565ರಲ್ಲೇ ಸ್ಪೇನಿನ ವೈದ್ಯ ಮೊನಾರ್ಡೆಸ್ ಮೆಕ್ಸಿಕೋದ ಇಂಥದೇ ಒಂದು ಮರದ ನೀರನ್ನು ವರ್ಣಿಸಿದ್ದ. ಅಲ್ಲಿ ಅದು ಮೂತ್ರಪಿಂಡದ ಮದ್ದು. 1664ರಲ್ಲಿ ರಾಬರ್ಟ್ ಬಾಯ್ಲ್ ಆ ನೀರಿಗೆ ಆಮ್ಲ ಹಾಕಿ ನೀಲಿಯನ್ನು ಅಳಿಸಿದ, ಕ್ಷಾರ ಹಾಕಿ ಮರಳಿ ತಂದ. ನೀಲಿ ಕಂಡ ಮಾತ್ರಕ್ಕೆ ರೋಗ ವಾಸಿಯಾಗುವುದಿಲ್ಲ.

ಹಾಗೆಂದು ಹೊನ್ನೆಯನ್ನು ಹೀಗಳೆಯುವವರ ಪಕ್ಷವೂ ನನ್ನದಲ್ಲ. ಸುಶ್ರುತನ ಸಾಲಸಾರಾದಿ ಗಣದಲ್ಲಿ ಪ್ರಮೇಹಕ್ಕೆ ಹೇಳಿದ 'ಅಸನ' ಇದೇ ಮರವೆಂದು ವೈದ್ಯರು ಬಹುಕಾಲದಿಂದ ಗುರುತಿಸುತ್ತಾರೆ. ಇದರ ಚೇಗಿನಲ್ಲಿ ಟೆರೋಸ್ಟಿಲ್ಬೀನ್ ಇದೆ. ಮರದಿಂದ ಎಪಿಕ್ಯಾಟೆಚಿನ್ ಸಹ ದೊರೆತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಾಲ್ಕು ಕೇಂದ್ರಗಳಲ್ಲಿ ಹೊಸದಾಗಿ ರೋಗ ಪತ್ತೆಯಾದ 97 ಮಂದಿಗೆ ವಿಜಯಸಾರದ ಸಾರವನ್ನು 12 ವಾರ ಕೊಟ್ಟು 1998ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ 67 ಮಂದಿಯ ಸಕ್ಕರೆ ಹತೋಟಿಗೆ ಬಂದಿತ್ತು. ಗಮನಿಸಿ: ಅಲ್ಲಿ 2ರಿಂದ 4 ಗ್ರಾಂವರೆಗೆ ಅಳೆದ ಪ್ರಮಾಣವಿತ್ತು, ಪದೇ ಪದೇ ರಕ್ತ ಪರೀಕ್ಷೆಯಿತ್ತು. ಹೋಲಿಕೆಯ ಗುಂಪು ಇರಲಿಲ್ಲವಾದ್ದರಿಂದ ಅದೂ ಕೊನೆಯ ಮಾತಲ್ಲ. 1980ರ ದಶಕದ ಆರಂಭದಲ್ಲಿ, ಎಪಿಕ್ಯಾಟೆಚಿನ್ ಇಲಿಗಳ ಇನ್ಸುಲಿನ್ ಕೋಶಗಳನ್ನು ಮರಳಿ ಬೆಳೆಸುತ್ತದೆಂದು ಭಾರಿ ಸುದ್ದಿಯಾಗಿತ್ತು. ಬೇರೆಯವರು ಅದೇ ಪ್ರಯೋಗ ಮಾಡಿದಾಗ ಆ ಫಲ ಕಾಣಲಿಲ್ಲ.

ಲೋಟದಲ್ಲಿ ಅಳತೆ ಎಲ್ಲಿದೆ? ಮೊದಲ ವಾರ ಇಳಿದಷ್ಟು ಸಾರ ಮೂರನೆಯ ತಿಂಗಳಲ್ಲೂ ಇಳಿಯುವುದೇ? ಅದು ಹೊನ್ನೆಯೇ, ಬಣ್ಣ ಬಳಿದ ಬೇರಾವುದೋ ಕಟ್ಟಿಗೆಯೇ ಎಂದು ಕೇಳಿದವರು ಯಾರು?

ನಮ್ಮ ಘಟ್ಟದ ದುರ್ವಾಸನೆ ಮರವನ್ನು ನೋಡಿ. ಅದರಲ್ಲಿ ಕ್ಯಾಂಪ್ಟೋಥೆಸಿನ್ ಇದೆಯೆಂದು 1972ರಲ್ಲಿ ನಮ್ಮವರಾದ ಗೋವಿಂದಾಚಾರಿ, ವಿಶ್ವನಾಥನ್ ತೋರಿಸಿದರು. ಇಂದು ಆ ರಾಸಾಯನಿಕದಿಂದ ಕ್ಯಾನ್ಸರ್ ಔಷಧಿಗಳು ತಯಾರಾಗುತ್ತವೆ. ಯಾರೂ ಅದರ ಲೋಟ ಕೊರೆದು ಮಾರಲಿಲ್ಲ. ಸಾರ ತೆಗೆದರು, ಶುದ್ಧಮಾಡಿದರು, ತೂಗಿದರು. ಹೊನ್ನೆಗೆ ಆ ಮರ್ಯಾದೆ ಬೇಡವೇ? ದುರ್ವಾಸನೆ ಮರಕ್ಕೂ ಕೊಡಲಿಯ ಕಾಟ ತಪ್ಪಲಿಲ್ಲ, ಅದು ಬೇರೆ ಮಾತು.

ಇನ್ನೊಂದು ಸಂಕಟ. ಎಲೆ ಕಿತ್ತರೆ ಚಿಗುರುತ್ತದೆ. ಚೇಗು ಬೇಕಾದರೆ ಮರವನ್ನೇ ಉರುಳಿಸಬೇಕು. ಹತ್ತಾರು ವರ್ಷ ಬೆಳೆದ ಹೊನ್ನೆ ಕೆಲವು ತಿಂಗಳಲ್ಲಿ ಮೂಲೆ ಸೇರುವ ಲೋಟವಾಗುತ್ತದೆ. ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದು ಈಗಾಗಲೇ ಅಪಾಯದ ಅಂಚಿಗೆ ಬಂದ ಮರ.

ಆ ಹುಡುಗನನ್ನು (ಹುಡುಗನೇನು, ಐವತ್ತು ದಾಟಿದೆ) ಮರುದಿನವೇ ರಕ್ತ ಪರೀಕ್ಷೆಗೆ ಕರೆದೊಯ್ದೆ. ಖಾಲಿ ಹೊಟ್ಟೆಯಲ್ಲಿ 286. ಲೋಟವನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋಗಿದ್ದಾನೆ. ಅದರಲ್ಲೀಗ ನನ್ನ ಪೆನ್ನುಗಳಿವೆ.